ಬಲಗಡೆ ಬೀಳದ ಹೂವು

ಅವತ್ತು ಗುಡಿಯಲ್ಲಿ ಅಮ್ಮನ ಬಲಭುಜದಿಂದ ಹೂವು ಬೀಳಲಿಲ್ಲ, ಮಂಜುಳಾ. ಎಡಭುಜದಿಂದಲೂ ಬೀಳಲಿಲ್ಲ. ಬಲಗಡೆಗೇ ಬಿತ್ತು ಎಂದು ನಾನು ನಿನಗೆ ಸುಳ್ಳು ಹೇಳಿದೆ.

ಇಷ್ಟನ್ನು ಮೊದಲೇ ಬರೆದುಬಿಟ್ಟೆ. ಯಾಕೆಂದರೆ ನನ್ನ ಬುದ್ಧಿ ನನಗೆ ಗೊತ್ತು. ಒಲೆ ಒರೆಸಿ, ಬಾಣಲೆ ಮಗುಚಿಟ್ಟು, ಮೆಣಸಿನಕಾಯಿ ಚೀಲದ ಬಾಯಿ ಕಟ್ಟಿ, ಆಮೇಲೆ ನಿಧಾನವಾಗಿ ಕೂತು ಹೇಳೋಣ ಎಂದುಕೊಳ್ಳುತ್ತಲೇ ಇಷ್ಟು ವರ್ಷ ಕಳೆದವಳು ನಾನು. ಒಲೆ ಒರೆಸುವ ಕೆಲಸ ಯಾವತ್ತಾದರೂ ಮುಗಿದದ್ದುಂಟೆ?

ಆ ಸುಳ್ಳನ್ನು ನಂಬಿ ನೀನು ಕೆಲಸ ಬಿಟ್ಟೆ. ನೀನು ಕೆಲಸ ಬಿಟ್ಟದ್ದರಿಂದ ನಿಮ್ಮವ್ವನ ಮಂಡಿ ಆಪರೇಷನ್ ನಿಂತುಹೋಯಿತು. ಅವರು ಇವತ್ತು ಗೋಡೆ ಹಿಡಿದು ನಡೆಯುತ್ತಾರಲ್ಲ—ಅದರಲ್ಲಿ ನನ್ನ ಪಾಲು ಇದೆ. ಎಷ್ಟು ಪಾಲು ಎಂದು ತೂಗಿ ನೋಡುವ ತಕ್ಕಡಿ ನನ್ನ ಹತ್ತಿರ ಇಲ್ಲ. ಇದೆ, ಅಷ್ಟು ಗೊತ್ತು.

ಅಣ್ಣನ ಹೆಂಡತಿ ನಾನು, ತಮ್ಮನ ಹೆಂಡತಿ ನೀನು. ಪಾಂಡವಪುರದಲ್ಲಿ ಒಂದೇ ಗೋಡೆಗೆ ಎರಡು ಮನೆ. ಮೈಸೂರಿನ ಹೊರಗಿದ್ದ ಒಂದೇ ಕಂಪನಿಗೆ ಇಬ್ಬರೂ ಹೋಗುತ್ತಿದ್ದೆವು. ನಾನು ಖರೀದಿ ವಿಭಾಗದಲ್ಲಿ, ನೀನು ಲ್ಯಾಬಿನಲ್ಲಿ. ಕತ್ತಲಿರುವಾಗಲೇ ಕಂಪನಿ ಬಸ್ಸು ಹತ್ತಬೇಕು. ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ನೀನು ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿರುತ್ತಿದ್ದೆ. ಕರಿಘಟ್ಟದ ಹಿಂದೆ ಬೆಳಕು ಬರುವುದನ್ನು ನೋಡುತ್ತ, ಕತ್ತು ಅಲುಗಾಡಿಸದೆ ನಾನು ಕೂತಿರುತ್ತಿದ್ದೆ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ನಿನ್ನ ಉಪ್ಸಾರು ಖಾರದ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಅಕ್ಕಪಕ್ಕದ ಮೇಜಿನವರೆಲ್ಲ ತಟ್ಟೆ ಹಿಡಿದು ಬರುತ್ತಿದ್ದರು. ಬೆಂಗಾಲಿ ಎಂಜಿನಿಯರೊಬ್ಬ ಕಣ್ಣಲ್ಲಿ ನೀರು ಸುರಿಸಿಕೊಂಡು ಇನ್ನೊಂದು ಚಮಚ ಕೇಳಿದ್ದು ನೆನಪಿದೆಯಾ? ಅವತ್ತೇ ನನ್ನ ತಲೆಯೊಳಗೆ ಹುಳ ಹೊಕ್ಕಿದ್ದು.

ಕೆಲಸ ನನಗೆ ಸಾಕಾಗಿತ್ತು. ಹೊಸ ಮ್ಯಾನೇಜರು ನನಗೆ ಒಂದು ದಿನವೂ ಬೈದವನಲ್ಲ, ಅದೇ ಬೇಜಾರು. "ಮೇಡಂ, ನೀವು ಇಲ್ಲಿರೋದೇ ನಮಗೊಂದು ಧೈರ್ಯ" ಎಂದು ನಗುನಗುತ್ತ ಹೇಳಿ, ಬರುವ ಹೊಸ ಕೆಲಸವನ್ನೆಲ್ಲ ಬೇರೆಯವರ ಮೇಜಿಗೆ ಕಳಿಸುತ್ತಿದ್ದ. ನಾನು ಹಳೆಯ ಬೀರುವಿನಂತೆ ಆಗಿದ್ದೆ—ಯಾರೂ ತೆಗೆಯುವುದಿಲ್ಲ, ಯಾರೂ ಎತ್ತಿ ಆಚೆಗೂ ಹಾಕುವುದಿಲ್ಲ.

ನಾವಿಬ್ಬರೂ ಸೇರಿ ಖಾರ ಮಾಡಿ ಮಾರೋಣ ಎಂದಾಗ ನಿನಗೆ ಆಸೆ ಇರಲಿಲ್ಲವೆಂದಲ್ಲ. ನಿನ್ನ ಅನುಮಾನ ಒಂದೇ ಒಂದು. ದೇವಲಾಪುರದಲ್ಲಿದ್ದ ನಿಮ್ಮವ್ವನ ಎರಡೂ ಮಂಡಿ ಸವೆದಿದ್ದವು. ಕಂಪನಿ ಕೊಟ್ಟಿದ್ದ ಆಸ್ಪತ್ರೆ ಕಾರ್ಡಿನಲ್ಲಿ ಅವರ ಹೆಸರೂ ಇತ್ತು. ಸಂಕ್ರಾಂತಿ ಕಳೆದ ಮೇಲೆ ಆಪರೇಷನ್ ಎಂದು ಡಾಕ್ಟರು ಹೇಳಿಯಾಗಿತ್ತು. ನಾನೋ, ದಸರಾ ವ್ಯಾಪಾರಕ್ಕೇ ಶುರು ಮಾಡಬೇಕು ಎಂದು ಹಟ ಹಿಡಿದಿದ್ದೆ. ಈಗಲೇ ಬಿಡುವುದೋ, ಅವ್ವನನ್ನು ಎದ್ದು ನಿಲ್ಲಿಸಿ ಆಮೇಲೆ ಬಿಡುವುದೋ—ನಿನಗೆ ತಿಳಿಯಬೇಕಾಗಿದ್ದದ್ದು ಅಷ್ಟೆ.

"ಮನೆದೇವ್ರನ್ನೇ ಕೇಳ್ಬುಡಾಣ ಅಕ್ಕ" ಅಂದೆ ನೀನು. "ಅಮ್ಮ ಬಲಕ್ಕೆ ಕೊಟ್ರೆ ನಾಳೆನೇ ಕಾಗ್ದ ಕೊಟ್ಬುಡ್ತೀನಿ. ಎಡಕ್ಕೆ ಕೊಟ್ರೆ ನೀನು ಬಾಯಿ ಮುಚ್ಕಂಡು ಸಂಕ್ರಾಂತಿಗಂಟ ಕಾಯ್ಬೇಕು."

ಆಗಲಿ ಅಂದೆ ನಾನು. ಆದರೆ ನಿನಗೆ ಹೇಳದ ಒಂದು ಮಾತಿತ್ತು. ಗುಡಿಗೆ ಹೋಗುವ ಹಿಂದಿನ ದಿನ, ಗುರುವಾರ ಸಂಜೆಯೇ ನಾನು ರಾಜೀನಾಮೆ ಕೊಟ್ಟುಬಿಟ್ಟಿದ್ದೆ. ಮನೆಯಲ್ಲೂ ಹೇಳಿರಲಿಲ್ಲ. ಕೊಟ್ಟು ಹೊರಗೆ ಬಂದವಳಿಗೆ ಮೊದಲು ಅನ್ನಿಸಿದ್ದು ಹಗುರವಲ್ಲ. ನನಗೆ ಮೆಣಸಿನಕಾಯಿ ಹುರಿಯಲು ಬರುವುದಿಲ್ಲವಲ್ಲ ಎಂಬ ದಿಗಿಲು. ಆ ಹದ ನಿನ್ನ ಕೈಯದು. ಲೆಕ್ಕ, ಲೈಸೆನ್ಸು, ಅಂಗಡಿಯವರ ಜೊತೆ ಚೌಕಾಸಿ, ಎಲ್ಲ ಬರುತ್ತದೆ ನನಗೆ. ಖಾರ ಮಾತ್ರ ಬರುವುದಿಲ್ಲ. ನೀನು ಬರದಿದ್ದರೆ ನಾನು ಏನನ್ನು ಮಾರಲಿ?

ಮರುದಿನ ಶುಕ್ರವಾರ ರಜೆ ಹಾಕಿ ಅರಕೆರೆ ಕಡೆಯ ನಮ್ಮ ಗಂಡಂದಿರ ಹಳೆಯ ಊರಿಗೆ ಹೋದೆವು. ಬಸ್ಸಿಳಿದು ನಾಲೆ ಏರಿಯ ಮೇಲೆ ನಡೆಯುತ್ತಿರುವಾಗ ನೀನು ಮುಟ್ಟಾದೆ. ಗುಡಿಯ ಮುಂದಿನ ಅರಳಿಕಟ್ಟೆಯಿಂದ ದೂರಕ್ಕೆ, ಕಬ್ಬಿನ ಗದ್ದೆಯ ಬದುವಿನ ಮೇಲೆ ಕೂತು, "ನನ್ ಬದ್ಲು ನೀನೇ ಕೇಳ್ಬುಡಕ್ಕ" ಅಂದೆ. ಯಾವ ಮಾತು ಕೇಳಬೇಕೆಂದು ಎರಡೆರಡು ಸಲ ಹೇಳಿಕೊಟ್ಟೆ. "ಅವ್ವನ ಮಂಡಿ ವಿಚಾರ ಮರೀಬ್ಯಾಡ. ಅದ್ನ ಮೊದ್ಲು ಏಳು."

ಮರೆಯಲಿಲ್ಲ, ಮಂಜು. ಅದನ್ನೇ ಮೊದಲು ಹೇಳಿದೆ.

ಪೂಜಾರಪ್ಪ ಸೇವಂತಿಗೆ ಹೂವನ್ನು ನೀರಲ್ಲಿ ಅದ್ದಿ ಅಮ್ಮನ ಎರಡೂ ಭುಜಕ್ಕೆ ಅಂಟಿಸಿ ಪಕ್ಕಕ್ಕೆ ನಿಂತರು. ಕೈ ಮುಗಿದು ಕೂತೆ. ಹೂವಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಹೂವು ಜಾರುತ್ತಿರಲಿಲ್ಲ. ದೀಪದ ಕುಡಿ ಸುಟ್ಟು ಪೂಜಾರಪ್ಪ ಬತ್ತಿ ಬದಲಿಸಿದರು. ನನ್ನ ಕಾಲು ಜೋಮು ಹಿಡಿಯಿತು. ಬಲಗಡೆ ನೋಡುತ್ತಿದ್ದ ಕಣ್ಣು ಹೆದರಿ ಎಡಗಡೆಗೆ ಹೋಗುವುದು, ಅಲ್ಲಿಂದ ಹೆದರಿ ಮತ್ತೆ ಬಲಗಡೆಗೆ. ಎಡಕ್ಕಾದರೂ ಬೀಳಬಾರದೇ ಅನ್ನಿಸಿಬಿಟ್ಟಿತು ಒಮ್ಮೆ.

ಕೊನೆಗೆ ಪೂಜಾರಪ್ಪನೇ, "ಇವತ್ತು ಅಮ್ಮ ಮಾತಾಡಕ್ಕಿಲ್ಲ ಕಣವ್ವ. ಮುಂದಿನ ವಾರ ಬಾ, ಅವಸ್ರ ಏನದೆ?" ಎಂದು, ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ತಟ್ಟೆಯಲ್ಲಿದ್ದ ಬೇರೊಂದು ಸೇವಂತಿಗೆಯನ್ನು ಕೈಗಿಟ್ಟರು. ಅದು ಬಂದವರಿಗೆಲ್ಲ ಕೊಡುವ ಹೂವು.

ಅವಸರ ಇತ್ತಲ್ಲ. ಮುಂದಿನ ವಾರದೊಳಗೆ ನನ್ನ ರಾಜೀನಾಮೆ ಸುದ್ದಿ ಇಡೀ ಬಸ್ಸಿಗೆ ಗೊತ್ತಾಗುತ್ತಿತ್ತು.

ಗುಡಿಯಿಂದ ನಿನ್ನ ಬದುವಿನವರೆಗೆ ಎಷ್ಟು ದೂರವಿತ್ತೋ. ನಿಜ ಹೇಳಲು ಸಾಕಾಗುವಷ್ಟು ದೂರ ಇತ್ತು. ನೀನು ಎದ್ದು ನಿಂತು, ಸೀರೆಗೆ ಮೆತ್ತಿದ ಕಬ್ಬಿನ ತರಗನ್ನೂ ಕೊಡವದೆ, ದೂರದಿಂದಲೇ ಕೂಗಿದೆ: "ಅಕ್ಕ, ಯಾವ್ ಕಡೀಕೆ?"

"ಬಲಗಡೆಗೇ ಬಿತ್ತು ಕಣಮ್ಮಿ."

ಅಷ್ಟೆ. ನಿನಗೆ ಅಳು ಬಂತು. ಹೂವು ತೋರಿಸಿದೆ. ನೀನು ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು, "ಈಗ ಮುಟ್ಬಾರ್ದು, ನಿನ್ ತಾವೇ ಮಡಿಕೊ, ಮೈ ತೊಳ್ಕಂಡ್ಮೇಲೆ ಕೊಡೀವಂತೆ" ಅಂದೆ. ಮೈ ತೊಳೆದ ಮೇಲೆ ಕೊಟ್ಟೆ. ಕಣ್ಣಿಗೊತ್ತಿಕೊಂಡೆ ನೀನು. ಈಗಲೂ ಅದು ಖಾರ ಮಾಡುವ ನಮ್ಮ ಶೆಡ್ಡಿನಲ್ಲಿ ಅಮ್ಮನ ಪಟದ ಹಿಂದೆ ಒಣಗಿ ಕಂದಿ ಕೂತಿದೆ. ದಿನಾ ಬೆಳಿಗ್ಗೆ ಅದರ ಮುಂದೆ ದೀಪ ಹಚ್ಚುವವಳು ನಾನು.

ಊರು ಸುಮ್ಮನಿರಲಿಲ್ಲ. ನಮ್ಮ ಅತ್ತೆಯ ತಮ್ಮ ಮನೆ ಬಾಗಿಲಲ್ಲೇ ನಿಂತು, "ಓರ್ಗಿತ್ತೀರು ಇಬ್ರೂ ಒಂದೇ ಒಲೆ ಮುಂದ್ಕಾ? ಮೆಣ್ಸಿನ್ಕಾಯೇ ಬ್ಯಾಡ ಬುಡಿ, ಗಾಟು ತಾನಾಗೇ ಬತ್ತದೆ" ಎಂದು ನಗಾಡಿದರು. ನಮ್ಮ ಯಜಮಾನರು ಮೂರು ದಿನ ಮುಖ ಊದಿಸಿಕೊಂಡು ಓಡಾಡಿ, ನಾಲ್ಕನೆಯ ದಿನ, "ಐಡಿ ಕಾರ್ಡು ವಾಪಸ್ ಕೊಟ್ಬುಟ್ಯಾ?" ಎಂದು ಕೇಳಿದರು. ಕಾರ್ಡು ಕೊಟ್ಟಿದ್ದೆ, ಕೊರಳಿನ ಪಟ್ಟಿ ಉಳಿದಿತ್ತು. ಅದರಲ್ಲೇ ಇವತ್ತಿಗೂ ಧನಿಯಾ ಚೀಲದ ಬಾಯಿ ಕಟ್ಟುವುದು. ಅತ್ತೆಯ ತಮ್ಮನ ಮಾತನ್ನೂ ಬಿಡಲಿಲ್ಲ—ನಮ್ಮ ಪೊಟ್ಟಣದ ಮೇಲೆ "ಓರಗಿತ್ತಿ ಖಾರ" ಎಂದೇ ಹೆಸರು ಹಾಕಿಸಿದೆವು.

ಹೊರಗೆ ಇಷ್ಟು ಜೋರು. ಒಳಗೆ? ಕೆಲಸ ಬಿಟ್ಟ ಮೇಲೆಯೂ ಕತ್ತಲಿರುವಾಗಲೇ ಎಚ್ಚರವಾಗುತ್ತಿತ್ತು. ಸೀರೆ ಇಸ್ತ್ರಿ ಮಾಡಿ ಉಟ್ಟು, ಮುಡಿ ಕಟ್ಟಿ, ಕಿಟಕಿಯ ಹತ್ತಿರ ನಿಲ್ಲುತ್ತಿದ್ದೆ. ತಿರುವಿನಲ್ಲಿ ಕಂಪನಿ ಬಸ್ಸಿನ ಹಾರನ್ನು ಕೇಳಿದರೆ ಕೈ ತಾನಾಗೇ ಊಟದ ಡಬ್ಬಿ ಹುಡುಕುತ್ತಿತ್ತು. ತಿಂಗಳ ಕೊನೆಗೆ ಸಂಬಳದ ಮೆಸೇಜು ಬರುವ ಹೊತ್ತಿಗೆ ಫೋನನ್ನು ತೆಗೆದುಕೊಂಡು ಹೋಗಿ ಅಕ್ಕಿ ಡಬ್ಬದಲ್ಲಿ ಹೂತಿಡುತ್ತಿದ್ದೆ. ನಿನ್ನನ್ನು ನೋಡಿದರೆ ನೀನು ಒಲೆ ಮುಂದೆ ಹಾಡಿಕೊಂಡು ಮೆಣಸಿನಕಾಯಿ ಆಡಿಸುತ್ತಿದ್ದೆ. ನಾನು ಮುಖ ಸಪ್ಪಗೆ ಮಾಡಿದರೆ, "ಅಮ್ಮ ಬಲಗಡೆ ಕೊಟ್ಟವ್ಳೆ ಬುಡಕ್ಕ, ಯಾಕಂಗಾಡ್ತೀಯ" ಅನ್ನುತ್ತಿದ್ದೆ. ನನಗೂ ಸಮಾಧಾನ ಆಗುತ್ತಿತ್ತು. ನಾನೇ ಕಟ್ಟಿದ ಸುಳ್ಳಿಗೆ ನಾನೇ ಒರಗಿಕೊಂಡು ನಿಂತಿದ್ದೆ, ನೋಡು.

ಚಳಿಗಾಲದಲ್ಲಿ ಮಾಡಿದ್ದು ಕೆಡುವ ಮೊದಲೇ ಖರ್ಚಾಗುತ್ತಿತ್ತು. ಆಮೇಲೆ ಬಂತಲ್ಲ ಬೇಸಿಗೆ. ನಮ್ಮ ಕಡೆ ಯಾವ ಮನೆಯಲ್ಲಾದರೂ ಉಪ್ಸಾರು ಖಾರವನ್ನು ನಾಳೆಗೆ ಇಟ್ಟವರುಂಟೆ? ಅರೆದ ದಿನವೇ ಮುದ್ದೆಯ ಜೊತೆ ಖಾಲಿ. ಅದಕ್ಕೇ ಇಟ್ಟರೆ ಏನಾಗುತ್ತದೆಂದು ನಿನಗೂ ಗೊತ್ತಿರಲಿಲ್ಲ, ನನಗಂತೂ ಮೊದಲೇ ಇಲ್ಲ. ಹಸಿ ಬೆಳ್ಳುಳ್ಳಿ, ಹುಣಸೆಹಣ್ಣು, ನೀರು ಹಾಕಿ ಅರೆದದ್ದನ್ನು ಹಾಗೇ ಬಾಟಲಿಗೆ ತುಂಬಿ ಕಳಿಸಿದೆವು. ಕೆ.ಆರ್. ಪೇಟೆಯ ಅಂಗಡಿಯವರು ಫೋನು ಮಾಡಿದರು. "ಅಕ್ಕೋ, ನಿಮ್ ಕಾರದ ಬಾಟ್ಲು ಪಟಾಕಿ ಒಡ್ದಂಗೆ ಒಡೀತಾವೆ. ಗಿರಾಕಿಯೊಬ್ಬನ ಬಿಳೀ ಸರ್ಟು ಓಳಿ ಆಡ್ದಂಗಾಗದೆ. ಬಂದು ಎತ್ಕಂಡೋಗಿ, ದೀಪಾವಳಿಗೆ ಬೇಕಾರೆ ನಾನೇ ಏಳಿ ಕಳುಸ್ತೀನಿ."

ಹೋಗಿ ಎತ್ತಿಕೊಂಡು ಬಂದೆವು. ಎಲ್ಲ ಹುಳಿ ಬಂದು ಉಬ್ಬಿತ್ತು. ಹಿತ್ತಿಲಲ್ಲಿ ಗುಂಡಿ ತೋಡಿ ಸುರಿದೆವು. ಆ ಗುಂಡಿಗೆ ಹೋದದ್ದು ನಾವು ಹೂಡಿದ್ದೆಲ್ಲ. ಸಂಕ್ರಾಂತಿ ಆಗಲೇ ಕಳೆದಿತ್ತು, ಕಾರ್ಡು ಇರಲಿಲ್ಲ, ವ್ಯಾಪಾರದಲ್ಲಿ ಬಂದದ್ದರಲ್ಲಿ ಅವ್ವನ ಆಪರೇಷನ್ ಮಾಡಿಸುತ್ತೇವೆ ಎಂದುಕೊಂಡಿದ್ದೆವಲ್ಲ—ಅದೂ ಆ ಗುಂಡಿಗೇ ಹೋಯಿತು. ನೀನು ಮಣ್ಣೆಳೆದು ಮುಚ್ಚಿ, ಕೈ ತೊಳೆದುಕೊಂಡು, "ಒಣ ಪುಡಿ ಮಾಡಾಣ ಅಕ್ಕ" ಅಂದೆ. ಬೆಳ್ಳುಳ್ಳಿಯನ್ನೂ ಹುಣಸೆಯನ್ನೂ ಹುರಿದು ಒಣಗಿಸಿ, ಸೊಪ್ಪು ಬೇಯಿಸಿದ ನೀರು ಹಾಕಿ ಕಲಸಿಕೊಂಡರೆ ಸಾಕು ಅನ್ನುವ ಹಾಗೆ ಪುಡಿ ಮಾಡಿದೆ. ಆ ಪುಡಿ ನಮ್ಮನ್ನು ಉಳಿಸಿತು. ಇವತ್ತು ಶ್ರೀರಂಗಪಟ್ಟಣದ ಅಂಗಡಿಗಳಲ್ಲಿ ಬರುವ ಹೋಗುವ ಪ್ರವಾಸಿಗರೂ ಕೇಳಿ ತೆಗೆದುಕೊಳ್ಳುತ್ತಾರೆ. ಆದರೆ ಉಳಿಸುವ ಹೊತ್ತಿಗೆ ಎರಡು ವರ್ಷ ಹೋಗಿತ್ತು. ಅವ್ವನಿಗೆ ಸಕ್ಕರೆ ಕಾಯಿಲೆ ಏರಿ, ಹೃದಯವೂ ಸೋತು, ಇನ್ನು ಆಪರೇಷನ್ ಬೇಡ ಎಂದರು ಡಾಕ್ಟರು.

ದೇವಲಾಪುರದಿಂದ ನೀನು ಅವರನ್ನು ನಿನ್ನ ಮನೆಗೆ ಕರೆದುಕೊಂಡು ಬಂದೆ. ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಕಾಲು ಚಾಚಿ, ಮೊರದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಘಾಟಿಗೆ ಕೆಮ್ಮಿದರೂ ಏಳುವುದಿಲ್ಲ—ಏಳುವುದೇ ದೊಡ್ಡ ಕೆಲಸ ಅವರಿಗೆ. ಒಂದು ದಿನ ನಾನು ತಡೆಯಲಾರದೆ, "ನಾವು ಅವಸರ ಮಾಡ್ಬುಟ್ವು ಅವ್ವ, ನಿಮ್ ಮಂಡಿ ನೋಡ್ಕಂಡು ಬಿಡ್ಬೇಕಾಗಿತ್ತು" ಅಂದೆ. ಅಲ್ಲಿಂದ ಮುಂದಕ್ಕೆ ಹೇಳಿಬಿಡುವ ಎಂದೇ ಬಾಯಿ ತೆರೆದದ್ದು. ಅವರು ತಲೆ ಎತ್ತದೆ ಹೇಳಿದರು:

"ಅಮ್ಮನೇ ಅಪ್ಣೆ ಕೊಟ್ಟವ್ಳೆ ಅಂದ್ಮೇಲೆ ನನ್ ಮಂಡಿ ಯಾವ್ ಲೆಕ್ಕ ಬುಡವ್ವ."

ಆಮೇಲೆ ನಾನು ಎದ್ದು ಹೋಗಿ ಟೀ ಕಾಸಿ ತಂದುಕೊಟ್ಟೆ. ದಿನಾ ಮೊದಲ ಲೋಟ ಅವರಿಗೇ ಕೊಡುತ್ತೇನಲ್ಲ, "ಭಾಗ್ಯಕ್ಕನಿಗೆ ನಮ್ಮವ್ವ ಅಂದ್ರೆ ಪ್ರಾಣ" ಎಂದು ನೀನು ಎಲ್ಲರ ಹತ್ತಿರ ಹೇಳಿಕೊಂಡು ಬರುತ್ತೀಯಲ್ಲ—ಆ ಲೋಟದಲ್ಲಿ ಏನಿದೆ ಎಂದು ಈಗ ಗೊತ್ತಾಯಿತೆ?

ಒಂದು ಮಾತು ಮಾತ್ರ ತಲೆ ಎತ್ತಿಯೇ ಹೇಳುತ್ತೇನೆ. ಕೆಲಸ ಬಿಟ್ಟದ್ದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಮ್ಯಾನೇಜರದಲ್ಲ, ಯಜಮಾನರದಲ್ಲ, ಬಾಗಿಲಲ್ಲಿ ನಿಂತು ನಕ್ಕವರದಂತೂ ಅಲ್ಲವೇ ಅಲ್ಲ. ನಲವತ್ತು ದಾಟಿದ ಹೆಂಗಸು ಸಂಬಳ ಬಿಟ್ಟು ಒಲೆ ಮುಂದೆ ಕೂತಳು ಎಂದು ಆಡಿಕೊಂಡರು, ಆಡಿಕೊಳ್ಳಲಿ. ಆ ಒಲೆ ನನ್ನದು. ಹೆದರಿದ್ದಕ್ಕೂ ಕ್ಷಮೆ ಕೇಳುವುದಿಲ್ಲ. ಹೆದರಿಕೆ ಇವತ್ತಿಗೂ ಹೋಗಿಲ್ಲ. ಪ್ರತಿ ಸಲ ಮಿಲ್ಲಿಗೆ ಚೀಲ ಕಳಿಸುವಾಗಲೂ ಈ ಸಲ ಕೆಡುತ್ತದೆ ಅನ್ನಿಸುತ್ತದೆ. ಅನ್ನಿಸಿಕೊಂಡೇ ಕಳಿಸುತ್ತೇನೆ. ಅದು ಹೋಗಲಿ ಎಂದು ಕಾದಿದ್ದರೆ ನಾನಿನ್ನೂ ಆ ಬಸ್ಸಿನಲ್ಲೇ ಇರುತ್ತಿದ್ದೆ.

ನಾನು ಮಾಡಿದ ತಪ್ಪು ಬೇರೆ. ನನ್ನ ಹೆದರಿಕೆಯನ್ನು ಹೆದರಿಕೆ ಎಂದು ನಿನ್ನ ಮುಂದೆ ಇಡಲಿಲ್ಲ. "ಮಂಜು, ನಾನು ಕಾಗದ ಕೊಟ್ಟುಬಿಟ್ಟಿದ್ದೀನಿ, ಒಬ್ಬಳೇ ಆಗಲ್ಲ, ಬಾ" ಅಂದಿದ್ದರೆ ನೀನು ಬರುತ್ತಿದ್ದೆಯೋ ಏನೋ. ಸಂಕ್ರಾಂತಿ ಕಳೆಯಲಿ ಅನ್ನುತ್ತಿದ್ದೆಯೋ. ಅನ್ನುವ ಹಕ್ಕು ನಿನಗಿತ್ತು. ಅದನ್ನು ಕಿತ್ತುಕೊಂಡು ಅದರ ಜಾಗಕ್ಕೆ ಒಂದು ಸೇವಂತಿಗೆ ಹೂವು ಇಟ್ಟೆ. ಅದೂ ದೇವರ ಹೆಸರು ಹೇಳಿ.

ಯಾಕೆ ಈಗ ಅಂತ ಕೇಳುತ್ತೀಯ. ಕಳೆದ ವಾರ ನಾಗಮಂಗಲದ ಸಂಘದ ಹೆಂಗಸರು ನಮ್ಮಿಬ್ಬರನ್ನೂ ಮಾತಾಡಲು ಕರೆದಿದ್ದರಲ್ಲ, ಅದಕ್ಕೆ. ನಾನು ಲೈಸೆನ್ಸು, ಪ್ಯಾಕಿಂಗು ಎಂದು ಏನೋ ಹೇಳಿ ಕೂತೆ, ಯಾರೂ ಅಷ್ಟಾಗಿ ಕೇಳಲಿಲ್ಲ. ನೀನು ಎದ್ದು ಹೂವಿನ ಕತೆ ಹೇಳಿದೆ. ಇಡೀ ಹಾಲ್ ಕುರ್ಚಿ ಮುಂದಕ್ಕೆಳೆದುಕೊಂಡು ಕೇಳಿತು. ಮುಗಿದ ಮೇಲೆ ಗಾರ್ಮೆಂಟ್ಸಿಗೆ ಹೋಗುವ ಆ ಹುಡುಗಿ, ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು.

"ಅಕ್ಕ, ನಾನೂ ಹೊಲ್ಗೆ ಮಿಸೀನು ಇಡಾಣ ಅಂತಿವ್ನಿ. ಕೆಲ್ಸ ಬುಡಕ್ಕೆ ಎದ್ರಿಕೆ. ಮಗೀಗೆ ಫಿಟ್ಸು, ಕೆಲ್ಸದ ಕಾರ್ಡಲ್ಲೇ ಮಾತ್ರೆ ಬರದು. ನನ್ಗೂ ಆ ಗುಡಿ ತೋರ್ಸಿ. ಅಮ್ಮ ಬಲಕ್ಕೆ ಕೊಟ್ರೆ ಬುಟ್ಬುಡ್ತೀನಿ."

"ಬಾರಮ್ಮಿ, ಬರೋ ಶುಕ್ರವಾರ ನಾವೇ ಓಯ್ತಾ ಇವಿ" ಅಂದೆ ನೀನು. "ದೊಡ್ ಶೆಡ್ ತಗಳದೋ ಬ್ಯಾಡ್ವೋ ಅಂತ ಕೇಳ್ಬೇಕು. ನಮ್ಗೆ ಅಮ್ಮ ಯಾವತ್ತೂ ಕೈ ಬುಟ್ಟಿಲ್ಲ."

ಮಗು ನನ್ನ ಬಳೆ ಹಿಡಿದು ಎಳೆಯುತ್ತಿತ್ತು. ನನ್ನ ಸುಳ್ಳು ಅಲ್ಲಿಯವರೆಗೆ ನಮ್ಮ ಮನೆಯೊಳಗೇ ಇತ್ತು, ಮಂಜು. ಅವತ್ತು ಅದು ಇನ್ನೊಬ್ಬಳ ಮನೆಗೆ ಹೊರಟು ನಿಂತಿತು.

ವಾಪಸು ಬರುವಾಗ ಬಸ್ಸಿನಲ್ಲೇ ಹೇಳಬೇಕೆಂದಿದ್ದೆ. ಸೀಟು ಸಿಕ್ಕಿದ ಕೂಡಲೇ ನೀನು ಮೊದಲಿನ ಹಾಗೇ ನನ್ನ ಹೆಗಲಿಗೆ ತಲೆಯಿಟ್ಟೆ. ಪಾಂಡವಪುರ ಬರುವವರೆಗೂ ನಾನು ಕತ್ತು ಅಲುಗಾಡಿಸದೆ ಕೂತಿದ್ದೆ.

ಆದ್ದರಿಂದ ಶುಕ್ರವಾರದವರೆಗೆ ಕಾಯುವುದಿಲ್ಲ. ನಾಳೆ ಬೆಳಿಗ್ಗೆ ದೀಪ ಹಚ್ಚುವ ಮುಂಚೆ, ಅವ್ವ ಕುರ್ಚಿಯಲ್ಲಿ ಕೂತಿರುವಾಗಲೇ—ಅವರಿಲ್ಲದಾಗ ಹೇಳಿದರೆ ಅದೂ ಇನ್ನೊಂದು ಕಳ್ಳತನ—ಪಟದ ಹಿಂದಿನ ಹೂವನ್ನು ತೆಗೆದು ನಿನ್ನ ಕೈಗೆ ಕೊಡುತ್ತೇನೆ. ಇಲ್ಲಿ ಮೊದಲ ಸಾಲಿನಲ್ಲಿ ಬರೆದದ್ದನ್ನೇ ಅಲ್ಲೂ ಹೇಳುತ್ತೇನೆ, ಒಂದು ಅಕ್ಷರ ಕಡಿಮೆ ಮಾಡದೆ. ಆಮೇಲೆ ನಾಗಮಂಗಲಕ್ಕೆ ಹೋಗಿ ಆ ಹುಡುಗಿಯನ್ನು ಕಂಡು, ಹೂವಿನ ಕತೆಯ ನಿಜವನ್ನೂ ಬಾಟಲಿಗಳನ್ನು ಹೂತ ಗುಂಡಿಯ ಕತೆಯನ್ನೂ ಹೇಳಿ ಬರುತ್ತೇನೆ. ಬಿಡುವುದೋ ಇರುವುದೋ, ಅದು ಅವಳಿಗೆ ಸೇರಿದ್ದು.

ನೀನು ಬೈಯಬಹುದು. ಬೈಯದೆ ಒಲೆ ಆರಿಸಿ ಮನೆಗೆ ಹೋಗಬಹುದು—ಅದೇ ನನಗೆ ಹೆಚ್ಚು ಭಯ. "ಓರಗಿತ್ತಿ" ಅನ್ನುವ ಹೆಸರನ್ನು ಪೊಟ್ಟಣದಿಂದ ಅಳಿಸು ಅಂದರೆ ಅಳಿಸುತ್ತೇನೆ. ಆ ಹದ ನಿನ್ನದು, ನೀನು ತೆಗೆದುಕೊಂಡು ಹೋದರೆ ಬೇಡ ಎನ್ನಲು ನಾನು ಯಾರು? ಒಲೆ ಮಾತ್ರ ಬಿಡುವುದಿಲ್ಲ. ನೀನು ಬರದ ದಿನ ನಾನೇ ಬಾಣಲೆ ಇಟ್ಟು, ಕಲಿಯುವವರೆಗೂ ಮೆಣಸಿನಕಾಯಿ ಸೀಯಿಸುತ್ತೇನೆ. ಘಾಟಿಗೆ ಬೀದಿಯೆಲ್ಲ ಕೆಮ್ಮಲಿ.

ಶುಕ್ರವಾರ ಗುಡಿಗೆ ಹೋಗುವುದಾದರೆ ನೀನೇ ಹೋಗು. ಅಮ್ಮನ ಎದುರು ನೀನೇ ಕೂತು, ಬಲಗಡೆಯನ್ನೂ ಎಡಗಡೆಯನ್ನೂ ನಿನ್ನ ಕಣ್ಣಿಂದಲೇ ನೋಡು. ಅಮ್ಮ ಮಾತಾಡದಿದ್ದರೆ, ಮಾತಾಡಲಿಲ್ಲ ಎಂದೇ ಎದ್ದು ಬಾ. ನಾನು ಆ ಕಬ್ಬಿನ ಗದ್ದೆಯ ಬದುವಿನ ಮೇಲೆ ಕೂತಿರುತ್ತೇನೆ. ಯಾವ ಕಡೆಗೆ ಎಂದು ಕೂಗಿ ಕೇಳುವುದಿಲ್ಲ.